ಮಷೀನ್ ಒಪ್ಪದ ಬೆರಳು

ದೊಡ್ಡಬೆಳವಂಗಲದ ಹತ್ತಿರ ರೇಷನ್ ಅಂಗಡಿ ನಡೆಸೋನು ನಾನು. ಮಷೀನಲ್ಲಿ ಬೆರಳಚ್ಚು ಬೀಳದಿದ್ದರೆ ಅಕ್ಕಿ ಕೊಡೋ ಹಾಗಿಲ್ಲ. ಕಳೆ ಕಿತ್ತು ಕಿತ್ತು ಬೆರಳು ಸವೆದ ಅಜ್ಜಿಯೊಬ್ಬರು ಬರಿಗೈಲಿ ವಾಪಸ್ ಹೋದವರು, ತಿಂಗಳ ಕೊನೇ ದಿನ ಅದೇ ಕಾರ್ಡಲ್ಲಿ ಹೆಸರಿರೋ ಮೊಮ್ಮಗಳನ್ನು ಕರೆತಂದರು. ಅವಳ ಬಲಗೈ ತೋರುಬೆರಳನ್ನೂ ಮಷೀನ್ ಒಪ್ಪಲಿಲ್ಲ.

“ನೀನೂ ಹೊಲಕ್ಕೆ ಹೋಗ್ತೀಯೇನಮ್ಮ?” ಅಂದೆ.

“ಇಲ್ಲಾ ಅಣ್ಣ, ಸ್ಪಿನ್ ಬೌಲಿಂಗ್. ರಾಜ್ಯದ ಟೀಮಲ್ಲಿ ಆಡ್ತೀನಿ,” ಅಂದಳು. ಚೆಂಡಿನ ಹೊಲಿಗೆ ಉಜ್ಜಿ ಉಜ್ಜಿ ಬೆರಳ ತುದಿ ಜಡ್ಡುಗಟ್ಟಿತ್ತು.

ಅಜ್ಜಿ ರೇಗಿದರು: “ಆ ಬೆರಳಿಂದ ಬಿಟ್ಟ ಚೆಂಡು ಯಾವ ಕಡೆ ತಿರುಗುತ್ತೆ ಅಂತ ಬ್ಯಾಟ್ ಹಿಡಿದೋರಿಗೇ ಗೊತ್ತಾಗಲ್ವಂತೆ, ನಿನ್ ಮಷೀನಿಗೇನಪ್ಪಾ ಗೊತ್ತಾಗುತ್ತೆ!”

ಮೊಮ್ಮಗಳ ಎಡಗೈ ಬೆರಳು ಇಡಿಸಿದೆ. ಒಂದೇ ಸಲಕ್ಕೆ ಒಪ್ಪಿತು. ದುಡಿದ ಕೈ ಕಂಡರೆ ಮಾತ್ರ ಈ ಮಷೀನಿಗೆ ಗುರುತು ಸಿಗಲ್ಲ, ನೋಡಿ.