ಯಜಮಾನರ ಅಂಗಾಲು

ಟೈಲರಕ್ಕನಿಗೂ ಅವಳ ಗಂಡ ಬಡಗಿಗೂ ಕಿವಿ ಕೇಳಿಸದು. ಆದರೂ ಅವರ ಮನೆಯಲ್ಲಿದ್ದಷ್ಟು ಮಾತು ಆ ಬೀದಿಯ ಇನ್ಯಾವ ಮನೆಯಲ್ಲೂ ಇರಲಿಲ್ಲ, ಎಲ್ಲ ಕೈಯಲ್ಲೇ.

ಬಡಗಿಗೆ ಸಕ್ಕರೆ ಕಾಯಿಲೆ. ಕಾಯಿಲೆ ಅವನದು, ಅದರ ಚಾಕರಿ ಅವಳದು. ಆಸ್ಪತ್ರೆಯಲ್ಲಿ ಡಾಕ್ಟರು ಅರ್ಧ ಗಂಟೆ ಹೇಳಿದ್ದನ್ನು, ಜೊತೆಗೆ ಹೋಗಿದ್ದ ಅವನ ಅಕ್ಕ ಸನ್ನೆಯಲ್ಲಿ ಎರಡೇ ಮಾತಿಗೆ ಮುಗಿಸಿದ್ದಳು: "ಸಿಹಿ ಬೇಡ." ಕಿವಿ ಕೇಳುವವರಿಗೆ ಯಾವಾಗಲೂ ಅವಸರ. ಈ ಕಾಯಿಲೆಯಲ್ಲಿ ಕಾಲು ಮರಗಟ್ಟುತ್ತದೆ, ಗಾಯವಾದರೂ ನೋವು ಗೊತ್ತಾಗುವುದಿಲ್ಲ, ಅಸಡ್ಡೆ ಮಾಡಿದರೆ ಕಾಲಿಗೇ ಕುತ್ತು ಎಂಬುದನ್ನು ಬಟ್ಟೆ ಹೊಲಿಸಲು ಬರುತ್ತಿದ್ದ ನರ್ಸಮ್ಮ ಚಿತ್ರ ಬರೆದು ತೋರಿಸಬೇಕಾಯಿತು. ಅಂದಿನಿಂದ ದಿನಾ ಊಟವಾದ ಮೇಲೆ ಟೈಲರಕ್ಕ ಅವನ ಪಾದ ಮಡಿಲಲ್ಲಿಟ್ಟುಕೊಂಡು ಪರೀಕ್ಷಿಸುತ್ತಿದ್ದಳು. ಯಜಮಾನರು ಕಾಲು ಚಾಚಿ ಟೀವಿಯಲ್ಲಿ ಕುಸ್ತಿ ನೋಡುತ್ತಿದ್ದರು.

ಈಗ ಅವಳು ಮಗಳ ಬಾಣಂತನಕ್ಕೆ ಹೊರಡಬೇಕು. ಆ ಕಾಲನ್ನು ನೋಡುವವರು ಯಾರು?

ಕಾಲು ನೋಡಿಕೊಳ್ಳುವುದನ್ನು ಎಲ್ಲರಿಗೂ ಹೇಳಿಕೊಡಲೆಂದು ಅವಳೇ ನರ್ಸಮ್ಮನನ್ನು ಕಿವುಡರ ಸಂಘಕ್ಕೆ ಕರೆಸಿದಳು. ಭಾನುವಾರ ಹಾಲ್ ತುಂಬಿತ್ತು. ನರ್ಸಮ್ಮ ಪರದೆ ಬಿಟ್ಟು, ಫಿಲಂ ಹಾಕಿ, ಎಲ್ಲರಿಗೂ ಚೆನ್ನಾಗಿ ಕಾಣಲೆಂದು ದೀಪ ಆರಿಸಿ ವಿವರಿಸತೊಡಗಿದಳು. ಬಡಗಿಯ ಅಕ್ಕ ಕತ್ತಲಲ್ಲೇ ಶ್ರದ್ಧೆಯಿಂದ ಸನ್ನೆ ಮಾಡುತ್ತಿದ್ದಳು; ಯಾರಿಗೂ ಒಂದಕ್ಷರ ಕಾಣಲಿಲ್ಲ. ಜನ ಇಷ್ಟು ಗಮನವಿಟ್ಟು ಕೂತಿದ್ದಾರಲ್ಲ ಎಂದು ನರ್ಸಮ್ಮನಿಗೆ ಸಂತೋಷವೋ ಸಂತೋಷ. ಟೈಲರಕ್ಕ ಎದ್ದು ದೀಪ ಹಾಕಿದಳು.

"ಅಯ್ಯೋ, ನನ್ನ ಬುದ್ಧಿಗಿಷ್ಟು!" ಎಂದು ನರ್ಸಮ್ಮ ಹಣೆ ಚಚ್ಚಿಕೊಂಡಳು. "ಫಿಲಂ ಹಾಳಾಗ್ಲಿ, ನಾವೇ ನಾಟಕ ಆಡಿ ತೋರಿಸೋಣ."

ಟೈಲರಕ್ಕ ಕುರ್ಚಿಯಲ್ಲಿ ಒರಗಿ, ಹೊಟ್ಟೆ ಮುಂದೆ ಮಾಡಿ, ಕಾಲನ್ನು ನರ್ಸಮ್ಮನ ಮಡಿಲಿಗೆಸೆದು, ಇಲ್ಲದ ಟೀವಿಯನ್ನು ಕಣ್ಣರಳಿಸಿ ನೋಡತೊಡಗಿದಳು. ಯಾರೆಂದು ಹೇಳಬೇಕಿರಲಿಲ್ಲ. ಹೆಂಗಸರು ಬಿದ್ದು ಬಿದ್ದು ನಕ್ಕರು.

ಬಡಗಿಯ ಗೆಳೆಯ, ಕ್ಷೌರಿಕ, ಅವನ ಭುಜ ತಟ್ಟಿ ಕೇಳಿದ: "ನಿನ್ನ ಅಂಗಾಲಲ್ಲಿ ಮಚ್ಚೆ ಇದೆಯಾ?"

"ಅವಳನ್ನ ಕೇಳು."

"ಅವಳು ಬಾಣಂತನಕ್ಕೆ ಹೋಗ್ತಾಳಲ್ಲಪ್ಪ. ಕಾಲನ್ನೂ ಜೊತೆಗೇ ಕಳಿಸ್ತೀಯಾ?"

ಬಡಗಿ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತ. ಕೈಯಲ್ಲಿ ಮಾತಾಡುವವರು ಬಾಯಿ ಮುಚ್ಚಿಕೊಳ್ಳುವುದು ಹಾಗೆ. ಆದರೆ ತನ್ನ ಅಂಗಾಲನ್ನು ತಾನೇ ನೋಡಿಕೊಳ್ಳುವುದು ಹೇಗೆಂದು ಟೈಲರಕ್ಕ ಒಂದು ಕನ್ನಡಿಯನ್ನು ನೆಲದ ಮೇಲಿಟ್ಟು, ಪಾದವನ್ನು ಅದರ ಮೇಲೆ ಹಿಡಿದು, ಹಿಮ್ಮಡಿ, ಬೆರಳ ಸಂದು ಎಂದು ತೋರಿಸುವಾಗ ಅವನು ಕತ್ತು ಉದ್ದ ಮಾಡಿ ನೋಡಿದ್ದನ್ನು ಅವಳು ಗಮನಿಸದಿರಲಿಲ್ಲ.

ಅವಳು ಮಗಳ ಮನೆ ಸೇರಿ ಕೆಲವು ದಿನಗಳಾಗಿತ್ತು. ಒಂದು ಬೆಳಿಗ್ಗೆ ವಿಡಿಯೊ ಕರೆ ಬಂತು. ಮಗಳು ಫೋನನ್ನು ಗೋಡೆಗೆ ಒರಗಿಸಿಟ್ಟಳು. ಪರದೆ ತುಂಬ ಒಂದು ಅಂಗಾಲು, ಹಿಮ್ಮಡಿಗೆ ಬಿಳಿ ಪಟ್ಟಿ. ಟೈಲರಕ್ಕ ಪರದೆಯ ಹತ್ತಿರಕ್ಕೆ ಬಗ್ಗಿದಳು. ಅಂಗಾಲು ಸರಿದು ಗಂಡನ ಮುಖ ಬಂತು.

"ಮೊಳೆ ಚುಚ್ಚಿತ್ತು, ನೋವೇ ಇರಲಿಲ್ಲ. ಕನ್ನಡೀಲಿ ನಾನೇ ಕಂಡೆ, ನಾನೇ ಆಸ್ಪತ್ರೆಗೆ ಹೋದೆ. ಬೇಗ ಬಂದಿದ್ದು ಒಳ್ಳೇದಾಯ್ತು ಅಂದ್ರು ನರ್ಸಮ್ಮ. ಹೇಗಿದೆ ನನ್ನ ಕೆಲಸ?"

ಇಂಥ ಪರೀಕ್ಷೆ ಅವಳು ವರ್ಷಗಟ್ಟಲೆ ಮಾಡಿದ್ದಳು, ಒಮ್ಮೆಯೂ ಹೀಗೆ ಕೇಳಿರಲಿಲ್ಲ. ಅವನು ಕಾಯುತ್ತಿದ್ದ. ಟೈಲರಕ್ಕನ ಎರಡೂ ಕೈಗಳಲ್ಲಿ ಮೊಮ್ಮಗಳು ಆಗಷ್ಟೇ ನಿದ್ದೆ ಹೋಗಿದ್ದಳು. ಅವಳು ನಕ್ಕಳು. ಹೊಗಳಬೇಕೆಂದರೆ ಮಗುವನ್ನು ಕೆಳಗಿಡಬೇಕಿತ್ತು, ಇಡಲಿಲ್ಲ.