ಕುರ್ಚಿಯಲ್ಲಿ ಕೊಟ್ಟ ಮಾತು

ಆ ಅಮ್ಮನವರು ಬರೆದ ಪುಸ್ತಕದಲ್ಲಿ ನಮ್ಮ ಫೀನಿ ಬರಿಗಾಲಲ್ಲಿ ಬೆಟ್ಟ ಸುತ್ತುತ್ತಾಳೆ, ಗಾಳಿಯ ಜೊತೆ ಮಾತಾಡುತ್ತಾಳೆ. ಇಷ್ಟು ವರ್ಷವಾದರೂ ಅದನ್ನು ನೆನೆದರೆ ನನಗೆ ಮೈ ಉರಿಯುತ್ತದೆ. ಫೀನಿ ಗಾಳಿಯ ಜೊತೆ ಮಾತಾಡಿದ್ದನ್ನು ನಾನಂತೂ ಕಂಡಿಲ್ಲ. ಹಸುಗಳ ಜೊತೆ ಮಾತಾಡುತ್ತಿದ್ದಳು, ಅದೂ ಬೈಗುಳ. ಕಾಲಿಗೆ ಬೂಟೂ ಇತ್ತು. ಸೀಸದ ಗಣಿಯಲ್ಲಿ ಸತ್ತ ಅವಳ ಅಪ್ಪನದು. ದೊಡ್ಡದಾಗುತ್ತದೆಂದು ಮುಂದೆ ಉಣ್ಣೆ ತುರುಕಿಕೊಂಡು ಹಾಕಿಕೊಳ್ಳುತ್ತಿದ್ದಳು.

ಟ್ರೈಫೀನಾ ಗಿಟ್ಟಿನ್ಸ್ ನನ್ನ ಚಿಕ್ಕಮ್ಮನ ಮಗಳು. ಈವಾಸನ್ನರ ಹೊಲದಮನೆಯಲ್ಲಿ ಚೀಸ್ ಮಾಡುವ ಕೆಲಸ. ಎಳೆಯ ವಯಸ್ಸಿನಲ್ಲಿ ಒಂದು ಕಡಸು ಕೊಂಬಿನಿಂದ ತಿವಿದು ಗಲ್ಲದ ಮೇಲೆ ಗಾಯದ ಗುರುತು ಉಳಿದಿತ್ತು. ಬೇಸಗೆಯ ಕೊನೆಗೆ ನಾವೆಲ್ಲ ಬೆಟ್ಟದ ಮೇಲೆ ವಿನ್‌ಬೆರಿ ಹಣ್ಣು ಬಿಡಿಸಲು ಹೋದಾಗ ಅವಳ ಬುಟ್ಟಿಯೇ ಮೊದಲು ತುಂಬುತ್ತಿತ್ತು. ಬೆರಳೆಲ್ಲ ನೇರಳೆ ಬಣ್ಣ, ನಾಲಿಗೆ ಅದಕ್ಕಿಂತ ನೇರಳೆ. ಮೂವತ್ತು ದಾಟುವವರೆಗೆ ಮದುವೆ ಎನ್ನಲಿಲ್ಲ. ಆಮೇಲೆ ಗಾಡಿ ಚಕ್ರ ಮಾಡುವ ಸೈಲಸ್ ಬೆಬ್ ಅವಳನ್ನು ಕೇಳಿದ. ನಾವು ಪ್ರಾರ್ಥನೆಗೆ ಸೇರುವ ಚಾಪೆಲ್ಲಿನ ಹಿರಿಯ, ಮಾತು ಕಡಿಮೆ, ಕೆಲಸ ಗಟ್ಟಿ. ಮೇ ತಿಂಗಳ ಹಬ್ಬ ಕಳೆದ ಮೇಲೆ ಮದುವೆ ಎಂದಾಗಿತ್ತು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಬರೆಯುವ ಅಮ್ಮನವರ ಹೆಸರು ಮಿಸೆಸ್ ಆಲ್ಡರ್ಸಿ. ದಕ್ಷಿಣದವರು. ಎರಡು ಬೇಸಗೆ ನಮ್ಮ ಹಾರ್ಕ್‌ಲೋದಲ್ಲಿ ಮನೆ ಹಿಡಿದಿದ್ದರು. ಕೆಟ್ಟವರಲ್ಲ, ನನ್ನ ಸಿಟ್ಟಿಗೆ ಅದೂ ಒಂದು ಕಾರಣ. ಹಾಲಿನ ಕೋಣೆಯಲ್ಲಿ ಮೋರಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಫೀನಿ ಬೈದರೂ ನಗುತ್ತಿದ್ದರು.

ಪುಸ್ತಕ ಬಂದದ್ದು ಚಳಿಗಾಲದಲ್ಲಿ. ಹೆಸರು ಬೇರೆ ಇಟ್ಟಿದ್ದರು. ಆದರೆ ಹಾಲಿನ ಕೋಣೆ ಅದೇ, ಗಲ್ಲದ ಗಾಯವೂ ಅದೇ. ಆ ಹುಡುಗಿ ಈಸ್ಟರ್ ಸೋಮವಾರ ಜಮೀನ್ದಾರನ ಮಗನ ಹಿಂದೆ ಹೋಗಿ ಬೆಟ್ಟದ ಪೊದೆಯಲ್ಲಿ ತನ್ನನ್ನು ಒಪ್ಪಿಸಿಕೊಳ್ಳುತ್ತಾಳೆ. ಸೈಲಸ್‌ನ ಅಕ್ಕ ಮಿಸೆಸ್ ರಜ್ ಅಂಗಡಿಯಲ್ಲಿ ನಿಂತು ಆ ಪುಟವನ್ನೇ ಗಟ್ಟಿಯಾಗಿ ಓದಿದಳು.

"ಅಯ್ಯೋ, ಗಲ್ಲದ ಮೇಲೆ ಗಾಯ ಅಂತೆ! ಈ ಸೀಮೇಲಿ ಗಲ್ಲದ ಮೇಲೆ ಗಾಯ ಇರೋರು ಎಷ್ಟು ಜನ ಇದಾರಪ್ಪಾ?" ಎಂದಳು.

"ನಿನ್ನ ನಾಲಿಗೆ ಮೇಲೊಂದು ಆಗ್ಬೇಕಿತ್ತು," ಎಂದೆ ನಾನು.

"ಜೇಬೆಝ್ ಪ್ರೀಸ್, ನಾನು ಓದ್ತಾ ಇದೀನಿ ಅಷ್ಟೆ. ಬರೆದೋಳು ನಾನಲ್ಲ."

ನಮ್ಮ ಬೆಟ್ಟದಲ್ಲಿ ಅಚ್ಚಾದದ್ದು ಎಂದರೆ ಬೈಬಲ್, ಹಾಡಿನ ಪುಸ್ತಕ, ಕುರಿ ಸಂತೆಯ ದಿನ ಹೇಳುವ ಪಂಚಾಂಗ, ಇಷ್ಟೇ. ಅಚ್ಚಿನಲ್ಲಿ ಇದ್ದರೆ ಅದು ನಡೆದಿದೆ ಎಂದೇ ಲೆಕ್ಕ. ಸುಮ್ಮನೆ ಕಟ್ಟಿದ್ದಕ್ಕೆ ಯಾರಾದರೂ ಕಾಗದ, ಶಾಯಿ ಖರ್ಚು ಮಾಡುತ್ತಾರೆಯೇ? ನಾನೂ ಮೊದಲು ಒಂದು ಗಳಿಗೆ ನಮ್ಮ ಜಮೀನ್ದಾರ ಈವಾಸನ್ನನ ಮಗನನ್ನು ಹುಡುಕಿಕೊಂಡು ಹೊರಟಿದ್ದೆ, ಕೈಯಲ್ಲಿ ಸನಿಕೆ ಹಿಡಿದು. ಫೀನಿಯೇ ಬಾಗಿಲಿಗೆ ಅಡ್ಡ ನಿಂತಳು.

"ಸನಿಕೆ ಅಲ್ಲಿಡೋ. ಆ ಹೈದ ಪೊದೆ ಹತ್ರ ಹೋದ್ರೆ ಸೀನ್ತಾನೆ."

ಸೈಲಸ್ ಬೈಯಲಿಲ್ಲ, ಕೂಗಲಿಲ್ಲ. ಬೈದಿದ್ದರೆ ನನಗೂ ಸುಲಭವಾಗುತ್ತಿತ್ತು.

"ನಂಬ್ತೀಯೇನೋ ನೀನು?" ಎಂದು ಫೀನಿ ಕೇಳಿದಳು.

"ನಂಬೋದು ಬಿಡೋದು ನನ್ನ ಕೈಲಿಲ್ಲ ಫೀನಿ. ಚಾಪೆಲ್ಲಲ್ಲಿ ಎಲ್ಲಾರೂ ಓದವ್ರೆ. ಅಚ್ಚಲ್ಲಿರೋದನ್ನ ಅಚ್ಚೇ ಅಳಿಸ್ಬೇಕು."

ಈಸ್ಟರ್ ಬಂತು. ಆ ಸೋಮವಾರ ಗಂಡಸರು ಹೆಂಗಸರನ್ನು ಕುರ್ಚಿಯಲ್ಲಿ ಕೂರಿಸಿ ಎತ್ತುವುದು, ಮಂಗಳವಾರ ಹೆಂಗಸರು ಗಂಡಸರನ್ನು ಎತ್ತುವುದು ನಮ್ಮಲ್ಲಿ ಉಳಿದಿತ್ತು. ರಿಬ್ಬನ್ನು, ಹಸಿರು ಸೊಪ್ಪು ಕಟ್ಟಿದ ಕುರ್ಚಿ. ಮೂರು ಸಲ ಮೇಲೆತ್ತಿ ಸುತ್ತು ತಿರುಗಿಸಬೇಕು. ಎತ್ತಿದವರು ಕೇಳಿದ್ದನ್ನು ಕೂತವರು ಕೊಡಬೇಕು, ಒಂದು ಮುತ್ತೋ ಒಂದು ಜಗ್ ಬಿಯರೋ. ಕೊಡುವವರೆಗೆ, ಇಲ್ಲವೇ ಕೊಡುತ್ತೇನೆಂದು ಮಾತು ಕೊಡುವವರೆಗೆ ಇಳಿಸುವಂತಿಲ್ಲ.

ಮಿಸೆಸ್ ಆಲ್ಡರ್ಸಿ ಲಂಡನ್ನಿನ ನೆಂಟರನ್ನು ಕರೆದುಕೊಂಡು ಅದನ್ನು ನೋಡಲು ಬಂದಿದ್ದರು. ಊರಿನಲ್ಲಿ ಏನಾಗಿದೆ ಎಂಬ ಅರಿವೇ ಅವರಿಗಿರಲಿಲ್ಲ. "ನನ್ನನ್ನೂ ಎತ್ರಪ್ಪಾ!" ಎಂದು ಮಕ್ಕಳ ಹಾಗೆ ಕೈ ತಟ್ಟಿ ತಾವೇ ಕುರ್ಚಿಯಲ್ಲಿ ಕೂತರು. ನಾನು, ಕಮ್ಮಾರ, ಇನ್ನಿಬ್ಬರು ನಾಲ್ಕು ಕಾಲು ಹಿಡಿದೆವು. ಮೂರನೆಯ ಸಲ ಭುಜದ ಮೇಲಕ್ಕೆ ಎತ್ತಿದಾಗ ಫೀನಿ ಗುಂಪು ಸೀಳಿಕೊಂಡು ಬಂದಳು. ಕೈಯಲ್ಲಿ ಇನ್ನೂ ಮೊಸರಿನ ಗಡ್ಡೆ ಅಂಟಿತ್ತು.

"ಗಟ್ಟಿಯಾಗಿ ಹಿಡ್ಕಳ್ರೋ. ಇವತ್ತು ಕೇಳೋಳು ನಾನು."

"ಏನು ಬೇಕಮ್ಮ ಫೀನಿ? ಮುತ್ತಾ?" ಎಂದು ಅಮ್ಮನವರು ನಕ್ಕರು. ನೆಂಟರೂ ನಕ್ಕರು.

"ಆ ಪುಸ್ತಕದಲ್ಲಿರೋಳು ನಾನಲ್ಲ ಅಂತ ಹೇಳಿ. ಅಲ್ಲಿ ನಿಂತವ್ನೆ ನೋಡಿ ಸೈಲಸ್, ಅವನಿಗೆ ಕೇಳೋ ಹಂಗೆ."

ಸೈಲಸ್ ತನ್ನ ಚಕ್ರ ಮಾಡುವ ಕೊಟ್ಟಿಗೆಯ ಗೋಡೆಗೆ ಒರಗಿ ನಿಂತಿದ್ದ. ನಗು ನಿಂತಿತು. ಅಮ್ಮನವರು ಕುರ್ಚಿಯ ತೋಳುಗಳನ್ನು ಎರಡೂ ಕೈಯಲ್ಲಿ ಅವಚಿಕೊಂಡರು.

"ಅದು ಕಾದಂಬರಿ ಕಣಮ್ಮ. ಎಲ್ಲರಿಗೂ ಗೊತ್ತಲ್ಲ?"

"ಇಲ್ಲಿ ಯಾರಿಗೂ ಗೊತ್ತಿಲ್ಲ ಅಮ್ಮಾವ್ರೇ."

ಬೆತ್ತ ಹಿಡಿದ ಒಬ್ಬ ನೆಂಟ ಮುಂದೆ ಬಂದು, "ಅವರನ್ನ ಇಳಿಸ್ರಿ, ತಮಾಷೆ ಸಾಕು," ಎಂದ. "ಬೆತ್ತ ಕೆಳಗಿಡು, ಇಲ್ದಿದ್ರೆ ನಿನ್ನೂ ಮೇಲೆ ಕೂರಿಸ್ತೀನಿ," ಎಂದೆ. ಕೈ ಸಡಿಲಬಿಟ್ಟರೆ ಏನಾಗುತ್ತದೆ ಎಂದು ಒಂದು ಕ್ಷಣ ಮನಸ್ಸಿಗೆ ಬಂದಿತ್ತು. ಕಮ್ಮಾರ ನನ್ನ ಮುಖ ನೋಡಿ, "ಬೇಡ ಜೇಬ್," ಎಂದು ಪಿಸುಗುಟ್ಟಿದ.

ಅಮ್ಮನವರು ಸೈಲಸ್‌ನ ಕಡೆ ತಿರುಗಿದರು. ಮುಖ ಬಿಳಿಚಿತ್ತು. "ನಾನೇ ಕಟ್ಟಿದ ಕಥೆ ಅದು. ಈ ಹುಡುಗಿ ಹಾಗೆಲ್ಲ ಏನೂ ಮಾಡಿಲ್ಲ. ಗಲ್ಲದ ಗಾಯ ಒಂದೇ ಇವಳದು."

ಸೈಲಸ್ ಟೋಪಿ ತೆಗೆದ. "ಅಚ್ಚಲ್ಲಿ ಹೇಳಿ ಅಮ್ಮಾವ್ರೇ."

"ಹೇಳ್ತೀನಿ. ಇನ್ನೊಂದು ಸಲ ಅಚ್ಚಾಗುತ್ತೆ, ಮೊದಲನೇ ಪುಟದಲ್ಲೇ ಬರೀತೀನಿ. ಮಾತು ಕೊಡ್ತೀನಿ."

"ಇಳಿಸ್ಬೇಡ್ರೋ, ಇನ್ನೂ ಸ್ವಲ್ಪ ಅಲ್ಲೇ ಇರ್ಲಿ!" ಎಂದೆ.

"ಇಳಿಸು ಜೇಬ್," ಎಂದಳು ಫೀನಿ. "ಕುರ್ಚೀಲಿ ಕೂತು ಮಾತು ಕೊಟ್ಟವ್ರೆ."

ಇಳಿಸಿದೆವು. ಕುರ್ಚಿಯಲ್ಲಿ ಕೊಟ್ಟ ಮಾತನ್ನು ನಮ್ಮಲ್ಲಿ ಕುಡುಕರೂ ತಪ್ಪುತ್ತಿರಲಿಲ್ಲ.

ಮದುವೆ ಮುಂದೆ ಹೋಯಿತು. ಹುಲ್ಲು ಕೊಯ್ಲು ಮುಗಿಯಿತು, ವಿನ್‌ಬೆರಿ ಮುಗಿಯಿತು. ಫೀನಿ ಮದುವೆಯ ಬಟ್ಟೆಯನ್ನು ಹೊಲಿದು ಮಡಿಸಿಟ್ಟಳು. ಸಂತೆಯಿಂದ ಯಾರು ಬಂದರೂ ಮೊದಲು ಅವರ ಚೀಲ ನೋಡುತ್ತಿದ್ದಳು. ಎಲೆ ಉದುರುವ ಹೊತ್ತಿಗೆ ಸೈಲಸ್ ತಾನೇ ಪೇಟೆಗೆ ನಡೆದುಹೋಗಿ ಹೊಸ ಅಚ್ಚಿನ ಪುಸ್ತಕ ಕೊಂಡು ತಂದ. ಹಾಲಿನ ಕೋಣೆಯ ಬಾಗಿಲಲ್ಲಿ ನಿಂತೇ ಬಿಚ್ಚಿದ. ಫೀನಿ ಕೈ ಒರೆಸಿಕೊಳ್ಳುತ್ತ ನಿಂತಳು, ಒಣಗಿದ ಕೈಯನ್ನೇ ಒರೆಸುತ್ತಿದ್ದಳು.

ಮೊದಲ ಪುಟದಲ್ಲಿ ಹೊಸದಾಗಿ ಬರೆದದ್ದು ಇತ್ತು. ಸೈಲಸ್ ಬೆರಳಿಟ್ಟು ಓದಿದ. ಹಾರ್ಕ್‌ಲೋದ ಮುಗ್ಧ ಜನ ತಮ್ಮನ್ನು ಹೂವಿನ ಕುರ್ಚಿಯಲ್ಲಿ ಆಕಾಶಕ್ಕೆ ಎತ್ತಿದರಂತೆ, ಅಂಥ ಪ್ರೀತಿಯನ್ನು ಜನ್ಮದಲ್ಲಿ ಕಂಡಿರಲಿಲ್ಲವಂತೆ. ಫೀನಿಯ ಸುದ್ದಿ ಇಲ್ಲ. ಸೈಲಸ್ ಪುಟ ತಿರುಗಿಸಿದ, ಮತ್ತೆ ಹಿಂದಕ್ಕೆ ಬಂದ.

"ಇಲ್ಲ ಫೀನಿ."

"ನಾನೂ ಹೇಳ್ದೆ, ಅವ್ರೂ ಬಾಯ್ಬಿಟ್ಟು ಹೇಳಿದ್ರು. ಇನ್ನೇನೋ ಬೇಕು ನಿಂಗೆ?"

ಅವನು ಪುಸ್ತಕವನ್ನೇ ನೋಡುತ್ತಿದ್ದ.

"ಹೋಗು, ಚೀಸ್ ಮಗುಚ್ಬೇಕು," ಎಂದು ಅವಳು ಬಾಗಿಲು ಹಾಕಿಕೊಂಡಳು. ಮರುವರ್ಷ ಸೈಲಸ್ ಆಚೆ ಕಣಿವೆಯ ಹೆಣ್ಣನ್ನು ಮದುವೆಯಾದ. ನಾನು ಅವನ ಹತ್ತಿರ ಚಕ್ರ ಮಾಡಿಸುವುದನ್ನು ಬಿಟ್ಟೆ.

ಫೀನಿ ಈವಾಸನ್ನರಲ್ಲೇ ಇದ್ದಾಳೆ. ಬೇಸಗೆಯಲ್ಲಿ ಪುಸ್ತಕ ಹಿಡಿದುಕೊಂಡು ಪೇಟೆಯವರು ಬರುತ್ತಾರೆ, ಆ ಹುಡುಗಿ ಇದ್ದ ಜಾಗ ಎಲ್ಲಿ ಎಂದು ಅವಳನ್ನೇ ಕೇಳುತ್ತಾರೆ. "ಸತ್ತೋದ್ಲು ಪಾಪ, ಗಾಳಿ ಜೊತೆ ಮಾತಾಡಿ ಗಂಟಲು ಕಟ್ಕೊಂಡು," ಎಂದು ಅವರಿಗೆ ಚೀಸ್ ಮಾರುತ್ತಾಳೆ.

ಪುಸ್ತಕ ಮತ್ತೆ ಮತ್ತೆ ಅಚ್ಚಾಗುತ್ತಿದೆ. ಪ್ರತಿ ಹೊಸ ಅಚ್ಚು ಬಂದಾಗಲೂ ನಾನು ಪೇಟೆಯ ಅಂಗಡಿಗೆ ಹೋಗಿ ಮೊದಲ ಪುಟ ತೆಗೆದು ನೋಡುತ್ತೇನೆ. ಅದೇ ಹೂವಿನ ಕುರ್ಚಿ, ಅದೇ ಮುಗ್ಧ ಜನ. ನಾವು ಅವರನ್ನು ಇಳಿಸಿ ಆಯಿತು, ಅವರು ಕೊಡಬೇಕಾದದ್ದು ಇನ್ನೂ ಬಂದಿಲ್ಲ.