ಬೈಯೋದಕ್ಕೆ ಒಬ್ರು ಬೇಕು

ಮಸ್ಕತ್‌ನಲ್ಲಿ ನಿವೃತ್ತ ಸೈನಿಕರ ಆಸ್ಪತ್ರೆಗೆ ಮದ್ದಿನ ಬಾಕ್ಸ್ ಇಳಿಸ್ಲಿಕ್ಕೆ ಹೋಗಿದ್ದೆ. ಅಲ್ಲಿ ಫಾರ್ಮಸಿ ರೆಸಿಡೆನ್ಸಿ ತರಬೇತಿ ಮಾಡ್ತಿದ್ದ ಒಮಾನಿ ಹುಡುಗಿ ಮರಿಯಂ, "ನಿಂಗೆ ಉರ್ದು ಬರ್ತದಲ್ಲ, ಯಲ್ಲಾ, ನಡಿ ಬೇಗ" ಅಂತ ವಾರ್ಡಿಗೆ ಎಳ್ಕೊಂಡು ಹೋದ್ಲು. ಮಂಚದಲ್ಲಿ ಪಾಕಿಸ್ತಾನ ಕಡೆಯ ಒಬ್ಬ ಬಲೂಚಿ ಅಜ್ಜ, ಒಮಾನ್ ಸೇನೆಯ ಹಳೇ ಸಿಪಾಯಿ; ಅರಬ್ಬಿ ಅಷ್ಟಕ್ಕಷ್ಟೆ, ಉರ್ದು ಚೆನ್ನಾಗಿ ಬರ್ತದೆ. ಬಿಪಿ ನೆತ್ತಿಗೇರಿದೆ, ಮನೇಲಿ ಮಾತ್ರೆ ಮುಟ್ಟಿಯೇ ಇಲ್ಲ.

"ಯಾಕೆ ಚಾಚಾ?"

"ಹೆಂಡತಿ ಬೈದು ಬೈದು ತಿನ್ನಿಸ್ತಿದ್ಲು. ಈಗ ತೀರ್ಕೊಂಡ್ಲು. ಇನ್ನು ಯಾರ ಹುಕುಂ ಕೇಳ್ಲಿ?"

ಮರಿಯಂಗೆ ಹೇಳಿದೆ. ಅವಳ ಕಣ್ಣು ತುಂಬ್ತು. "ದಿನಾ ನಾನೇ ಫೋನ್ ಮಾಡಿ ಬೈತೇನೆ. ಉರ್ದುನಲ್ಲಿ ಹೇಗೆ ಬೈಯೋದು, ಕಲಿಸು."

ಕಲಿಸಿದೆ. ಅವಳು ತಡವರಿಸ್ತಾ ಬೈದ್ಲು, "ಏ ಮುದುಕಾ, ನುಂಗ್ತೀಯೋ ಇಲ್ವೋ?"

ಅಜ್ಜ ನಕ್ಕ. "ಅವಳ ಥರ ಇಲ್ಲ" ಅಂದವ ಮುಖ ಮುಚ್ಕೊಂಡು ಅತ್ತ. ಆಮೇಲೆ ಮಾತ್ರೆ ನುಂಗಿದ.

ಲೆಕ್ಚರರ್‌ಗಳ ಹತ್ರ ಬೈಸ್ಕೊಂಡೇ ಕಾಲೇಜು ಬಿಟ್ಟವ ನಾನು. ಆ ಒಂದು ವಿದ್ಯೆಯಾದ್ರೂ ಉಪಯೋಗಕ್ಕೆ ಬಂತು.